ಟೀಚರ್, ‘ನಾವು’ ಅಂದ್ರೆ ಎಂಕುಲಾ, ನಮನಾ?

ಒಂದನೇ ಕ್ಲಾಸಿಗೆ ಸೇರಿದ ಮೊದಲ ವಾರ. ಟೀಚರ್ ನನ್ನ ಹತ್ತಿರ ಬಂದು, "ಸ್ಲೇಟು ಎಲ್ಲಿ ಮಗಾ?" ಅಂತ ಕೇಳಿದರು. ನಾನು "ಇಲ್ಲಡ್" ಅಂದೆ. ಅವರಿಗೆ ಅದು "ಇಲ್ಲ" ಅಂತ ಕೇಳಿಸಿತು. "ಇಲ್ವಾ? ತೆಗೆದು ಕೊಟ್ಟಿಲ್ವಾ?" ಅಂದರು. ನಾನು ಮತ್ತೆ "ಇಲ್ಲಡ್" ಅಂದೆ. "ಕಳೆದುಹೋಯ್ತಾ?" ಅಂದರು. "ಇಲ್ಲಡ್" ಅಂದೆ. ಅಷ್ಟು ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ, "ಟೀಚರ್, ಅವಳ ಸ್ಲೇಟು ಮನೆಯಲ್ಲಿ ಉಂಟಂತೆ" ಅಂದ.

ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಇಲ್ಲಡ್ ಅಂದರೆ ಮನೆಯಲ್ಲಿ. ಕನ್ನಡದ ‘ಇಲ್ಲ’ಕ್ಕೆ ನಮ್ಮಲ್ಲಿ ‘ಇಜ್ಜಿ’ ಅನ್ನುತ್ತಾರೆ. ಆರು ವರ್ಷದ ನನಗೆ ಅದು ಗೊತ್ತಿರಲಿಲ್ಲ. ಟೀಚರಿಗೂ ಗೊತ್ತಿರಲಿಲ್ಲ.

ಟೀಚರ್ ಬೈಯಲಿಲ್ಲ. ಮೇಜಿನ ಮೇಲಿದ್ದ ನೂರು ಪುಟದ ನೋಟ್‌ಬುಕ್ ತೆಗೆದರು. ಆ ಹುಡುಗನನ್ನು ಒಳಗೆ ಕರೆದು, ಎರಡು ಶಬ್ದವನ್ನೂ ಅವನ ಬಾಯಲ್ಲಿ ಇನ್ನೊಮ್ಮೆ ಹೇಳಿಸಿ, ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ತಡವರಿಸುತ್ತಾ, "ಸ್ಲೇಟ್ ಇಲ್ಲಡಾ?" ಅಂತ ನಮ್ಮ ಭಾಷೆಯಲ್ಲೇ ಕೇಳಿದರು. ನಾನು ತಲೆ ಆಡಿಸಿದೆ. ನಾಳೆ ತಾ ಅಂತ ಕೈಯಲ್ಲೇ ತೋರಿಸಿದರು.

ಇದು 1985ರ ಜೂನ್. ನಮ್ಮ ಶಾಲೆ ಇದ್ದದ್ದು ಕಟಪಾಡಿಯಿಂದ ಪಶ್ಚಿಮಕ್ಕೆ, ಮಟ್ಟು ಕಡೆ ಹೋಗುವ ದಾರಿಯಲ್ಲಿ. ಮಳೆ ಜೋರಾದರೆ ಸಮುದ್ರದ ಸದ್ದು ಕ್ಲಾಸಿನ ಒಳಗೆ ಕೇಳುತ್ತಿತ್ತು. ಸುತ್ತ ಗುಳ್ಳದ, ಅಂದರೆ ಬದನೆಯ ಗದ್ದೆಗಳು. ಹೌದು, ಪರ್ಯಾಯದ ಊಟಕ್ಕೆ ಉಡುಪಿ ಮಠಕ್ಕೆ ಹೋಗುವ ಅದೇ ಮಟ್ಟುಗುಳ್ಳ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಗು ಒಂದೂ ಇರಲಿಲ್ಲ. ಹೆಚ್ಚಿನವರದ್ದು ತುಳು. ಇಬ್ಬರು ಕೊಂಕಣಿ. ಹಿಂದಿನ ಬೆಂಚಿನ ಹುಡುಗನ ಮನೆಯಲ್ಲಿ ಬ್ಯಾರಿ. ಇಡೀ ಕೋಣೆಯಲ್ಲಿ ಕನ್ನಡ ಮನೆಮಾತಾಗಿದ್ದದ್ದು ಟೀಚರಿಗೆ ಮಾತ್ರ. ಅದೂ ಪುಸ್ತಕದ ಕನ್ನಡ ಅಲ್ಲ. ಅವರು ಕೋಟದ ಕಡೆಯವರು. ಕುಂದಾಪ್ರ ಕನ್ನಡ. ಮರೆತು ಒಮ್ಮೊಮ್ಮೆ "ಹ್ವಾಯ್, ಇಲ್ ಕಾಣಿ ಮಕ್ಳೆ" ಅಂತ ಬಾಯಿಗೆ ಬರುತ್ತಿತ್ತು. ಬಂದ ಕೂಡಲೇ ಸ್ವಲ್ಪ ನಿಂತು, "ಇಲ್ಲಿ ನೋಡಿ" ಅಂತ ತಿದ್ದಿಕೊಳ್ಳುತ್ತಿದ್ದರು.

ಆ ತಿದ್ದಿಕೊಳ್ಳುವುದನ್ನು ನೋಡಿಯೇ ನನಗೊಂದು ಧೈರ್ಯ ಬಂದದ್ದು ಅಂತ ಈಗ ಅನಿಸುತ್ತದೆ. ಪಾಠಪುಸ್ತಕದ ಭಾಷೆಗೆ ಅವರೂ ನಮ್ಮ ಹಾಗೇ ಹೊರಗಿನಿಂದ ನಡೆದು ಬಂದವರು. ದಾರಿ ಸ್ವಲ್ಪ ಹತ್ತಿರದ್ದು, ಅಷ್ಟೇ.

ಆ ನೋಟ್‌ಬುಕ್ಕನ್ನು ನಾನು ಹತ್ತಿರದಿಂದ ನೋಡಿದ್ದು ಮೂರನೇ ಕ್ಲಾಸಿನಲ್ಲಿ. ಪುಟಕ್ಕೆ ಸ್ಕೇಲಿಟ್ಟು ಮೂರು ಸಾಲು ಎಳೆದಿದ್ದರು. ಮೊದಲನೆಯದು ಪುಸ್ತಕದ್ದು, ನಡುವಿನದ್ದು ಅವರ ಮನೆಯದ್ದು, ಕೊನೆಯದ್ದು ನಮ್ಮದು. ಮಳೆ, ಮಳಿ, ಬರ್ಸ. ತಾಯಿ, ಅಬ್ಬಿ, ಅಪ್ಪೆ. ಅನ್ನಕ್ಕೆ ಎದುರು ಅನ್ನ, ಅದರ ಎದುರು ನುಪ್ಪು. ನೀರಿನ ಸಾಲಿನಲ್ಲಿ ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಶಬ್ದ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದರು. ಯಾಕೆ ಅಂತ ಕೇಳಲಿಲ್ಲ. ಸಂತೋಷಕ್ಕೇ ಇರಬೇಕು.

‘ಅಪ್ಪೆ’ ಆ ಪುಸ್ತಕಕ್ಕೆ ಬಂದದ್ದಕ್ಕೂ ಒಂದು ಕಾರಣ ಉಂಟು. ಹಾಜರಿ ಪುಸ್ತಕಕ್ಕೆ ಅಂತ ಟೀಚರ್ "ಅಪ್ಪನ ಹೆಸರೇನು?" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದಾಗ, ನಮ್ಮಲ್ಲಿ ಸುಮಾರು ಮಕ್ಕಳು ತಾಯಿಯ ಹೆಸರು ಹೇಳಿದ್ದೆವು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಕನ್ನಡಕ್ಕೆ ಪೂರ್ತಿ ತಿರುಗುಮುರುಗು. ಟೀಚರ್ ಇಡೀ ಪಟ್ಟಿಯನ್ನು ಇನ್ನೊಂದು ಸಲ ಬರೆದರು. ಆದರೆ ಹೆಸರು ತಪ್ಪು ಹೇಳಿದಿರಿ ಅನ್ನಲಿಲ್ಲ. "ನಾನು ಕೇಳಿದ್ದು ಸರಿಯಾಗಲಿಲ್ಲ" ಅಂದರು.

ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದ ಪಾಠ ಮಾತ್ರ ನಾಲ್ಕನೇ ಕ್ಲಾಸಿನದ್ದು. ಬೋರ್ಡಿನ ಮೇಲೆ ನಾನು, ನಾವು, ನೀನು, ನೀವು ಅಂತ ಬರೆದಿದ್ದರು. ಒಬ್ಬರಾದರೆ ನಾನು, ಹೆಚ್ಚು ಜನ ಆದರೆ ನಾವು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, ಯಾವತ್ತೂ ಬಾಯಿ ತೆರೆಯದವಳು, ಎದ್ದು ನಿಂತು ಕೇಳಿದಳು: "ಟೀಚರ್, ನಾವು ಅಂದ್ರೆ ಎಂಕುಲಾ, ನಮನಾ?"

ಟೀಚರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಎರಡಕ್ಕೂ ವ್ಯತ್ಯಾಸ ಎಂತ ಅಂತ ಕೇಳಿದರು. ನಾವೆಲ್ಲ ಒಟ್ಟಿಗೆ ಹೇಳಲು ಹೊರಟೆವು. ಗದ್ದಲ. ಕೊನೆಗೆ ಆ ಹುಡುಗಿಯೇ ಮೆಲ್ಲ ಹೇಳಿದಳು. "ನಾವು ಆಡ್ಲಿಕ್ಕೆ ಹೋಗ್ತೇವೆ, ನೀವು ಬರ್ಲಿಕ್ಕಿಲ್ಲ ಅಂದ್ರೆ ಎಂಕುಲು. ನೀವೂ ಬರ್ಬೇಕು ಅಂದ್ರೆ ನಮ."

ಟೀಚರ್ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತರು. ತುಂಬ ಹೊತ್ತು ಅನಿಸಿತು ನಮಗೆ. ಆಮೇಲೆ ಬೋರ್ಡಿನ ‘ನಾವು’ ಶಬ್ದದಿಂದ ಎರಡು ಬಾಣ ಎಳೆದು, ಒಂದರ ತುದಿಗೆ ಎಂಕುಲು, ಇನ್ನೊಂದರ ತುದಿಗೆ ನಮ ಅಂತ ಬರೆದರು. "ನಿಮ್ಮ ಭಾಷೆಯಲ್ಲಿ ಎರಡು ಉಂಟು ಮಕ್ಕಳೇ. ಕನ್ನಡದಲ್ಲಿ ಒಂದೇ. ಕನ್ನಡದಲ್ಲಿ ‘ನಾವು’ ಅಂತ ಬರೆಯುವಾಗ, ಎದುರಿಗಿರುವವರು ಅದರ ಒಳಗೆ ಉಂಟೋ ಇಲ್ಲವೋ ಅಂತ ನೀವೇ ಯೋಚನೆ ಮಾಡ್ಬೇಕು" ಅಂದರು.

ನಾನು ಈಗ ಮಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಮೂವತ್ತು ನಲವತ್ತು ವರದಿ ಕೈಯಿಂದ ದಾಟುತ್ತವೆ. ‘ನಾವು ಇದನ್ನು ಸಹಿಸುವುದಿಲ್ಲ’, ‘ನಾವು ಈ ಜಾಗ ಬಿಡುವುದಿಲ್ಲ’. ಅಂಥ ವಾಕ್ಯ ಬಂದಾಗಲೆಲ್ಲ ನನ್ನ ಕೈ ನಿಲ್ಲುತ್ತದೆ. ಯಾವ ನಾವು ಇದು? ವರದಿಗಾರರಿಗೆ ಫೋನ್ ಮಾಡಿ ಕೇಳುತ್ತೇನೆ: ಹೇಳಿದವರು ಸಂಘದ ಪರವಾಗಿಯಾ, ಊರಿನ ಪರವಾಗಿಯಾ, ಕೇಳುತ್ತಾ ನಿಂತವರನ್ನೂ ಸೇರಿಸಿಯಾ? ಒಂದು ಶಬ್ದಕ್ಕೆ ಇಷ್ಟೆಲ್ಲಾ ಬೇಕಾ ಅಂತ ಅವರಿಗೆ ಅನಿಸಬಹುದು. ನನಗೆ ಬೇಕು. ಕರಾವಳಿಯಲ್ಲಿ ಈಚೆಗೆ ಆ ಶಬ್ದ ಯಾರನ್ನು ಹೊರಗಿಡುತ್ತದೆ ಅಂತ ದಿನಾ ನೋಡುತ್ತಾ ಇದ್ದೇನೆ.

ಟೀಚರಿಂದ ಕಲಿತದ್ದು ನಾನೊಬ್ಬಳೇ ಅಲ್ಲ. 1990ರ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗಿನ್ನೂ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1997ರಲ್ಲಿ. ಸಂಜೆ ಹೊತ್ತು ಟೀಚರ್ ಶಾಲೆಯ ಜಗಲಿಯಲ್ಲಿ ಗ್ಯಾಸ್‌ಲೈಟ್ ಇಟ್ಟುಕೊಂಡು ಹೆಂಗಸರಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಅಮ್ಮನೂ ಹೋಗುತ್ತಿದ್ದಳು. ಅಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸ, ವರ್ಷಕ್ಕೊಮ್ಮೆ ಬರುವುದು. ಮನೆ ನಡೆಯುತ್ತಿದ್ದದ್ದು ಅಮ್ಮನ ಬೀಡಿಯಿಂದ. ಅಲ್ಲಿಯವರೆಗೆ ಬೀಡಿ ಬ್ರಾಂಚಿನಲ್ಲಿ ಅಮ್ಮ ಹೆಬ್ಬೆಟ್ಟು ಒತ್ತುತ್ತಿದ್ದಳು. ಮೂರು ತಿಂಗಳಾದ ಮೇಲೆ ಒಂದು ದಿನ ಸಹಿ ಮಾಡಿ ಬಂದಳು. ಮನೆಗೆ ಬಂದವಳು ನನ್ನ ಹಳೇ ಸ್ಲೇಟಿನ ಮೇಲೆ ಇನ್ನೊಮ್ಮೆ ತನ್ನ ಹೆಸರು ಬರೆದು ತೋರಿಸಿದಳು. ಆ ಸ್ಲೇಟನ್ನು ಮರುದಿನದವರೆಗೂ ನಾವ್ಯಾರೂ ಒರೆಸಲಿಲ್ಲ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಮುಗಿದ ಬೇಸಿಗೆ, 1992. ಹೈಸ್ಕೂಲಿಗೆ ನನ್ನನ್ನು ಕಳಿಸುವುದಿಲ್ಲ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬೀಡಿ ಕಟ್ಟುವ ಮೊರಕ್ಕೆ ನಮ್ಮಲ್ಲಿ ತಡ್ಪೆ ಅನ್ನುತ್ತಾರೆ. ಒಂದು ತಡ್ಪೆಯ ಜಾಗದಲ್ಲಿ ಎರಡು ತಡ್ಪೆ ಬಂದಿತ್ತು, ಅಷ್ಟೇ. ಅಮ್ಮ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದಳು. ನಾನು ಮುನ್ನೂರಕ್ಕೆ ತಲುಪಿದ್ದೆ. ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ತಂಬಾಕು ತುಂಬಿಸಿ ಸುರುಟಿ, ತಲೆ ಮಡಚಿ, ನೂಲು ಸುತ್ತಬೇಕು. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಂಜೆ ಆಗುವಾಗ ಬೆರಳಿನ ತುದಿ ಕಹಿ. ಊಟ ಮಾಡಿದರೂ ಕಹಿ.

ಟೀಚರ್ ಮಧ್ಯಾಹ್ನದ ಬಿಸಿಲಿನಲ್ಲಿ ಗದ್ದೆಯ ಅಂಚಿನಲ್ಲಿ ನಡೆದುಕೊಂಡು ಬಂದರು. ಅಮ್ಮ ಎದ್ದು ನೀರು ಬೆಲ್ಲ ಕೊಟ್ಟಳು. ಟೀಚರ್ ಜಗಲಿಯಲ್ಲಿ ಕೂತು, ನನ್ನ ತಡ್ಪೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡರು. ಒಂದು ಎಲೆ ಕತ್ತರಿಸಿದರು. ವಾರೆಯಾಯಿತು. ಇನ್ನೊಂದು ಕತ್ತರಿಸಿದರು, ಅದೂ ವಾರೆಯಾಯಿತು. ಅಮ್ಮ ಅವರ ಕೈ ಹಿಡಿದು ಕತ್ತರಿ ಹೇಗೆ ತಿರುಗಿಸಬೇಕು ಅಂತ ತೋರಿಸಿದಳು. ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆ ದಿನದವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಓದಿನ ಮಹತ್ವದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಚೀಲದಿಂದ ಅರ್ಜಿಯ ಫಾರ್ಮ್ ತೆಗೆದರು. ಬೀಡಿ ಕೆಲಸಗಾರರ ಮಕ್ಕಳಿಗೆ ಕೇಂದ್ರ ಸರ್ಕಾರದ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನ ಸಿಗುತ್ತದೆ. ಆ ನಿಧಿಗೆ ಅಂತಲೇ 1976ರಲ್ಲಿ ಕಾನೂನು ಆಗಿದೆ. ಅರ್ಜಿಗೆ ಅಮ್ಮನ ಗುರುತಿನ ಚೀಟಿ ಬೇಕಿತ್ತು. ನಮ್ಮ ವಠಾರದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಫಾರ್ಮ್ ತುಂಬಿಸುತ್ತಾ ಟೀಚರ್ ಅಮ್ಮನ ಹತ್ತಿರ ತುಳುವಿನಲ್ಲೇ ಮಾತಾಡಿದರು. ಏಳು ವರ್ಷದಲ್ಲಿ ಕಲಿತ ತುಳು. ರಾಗ ಕೋಟದ್ದು. ಹುಡುಗಿಯನ್ನು ಹೈಸ್ಕೂಲಿಗೆ ಸೇರಿಸುವ ಅಂದರು. ಆ ವಾಕ್ಯದಲ್ಲಿ ಅವರು ಬಳಸಿದ್ದು ‘ನಮ’. ನೀವು ಸೇರಿಸಿ ಅಂತ ಅಲ್ಲ. ನೀವೂ ನಾನೂ ಸೇರಿ ಸೇರಿಸುವ ಅಂತ. ಬಾಯಿತಪ್ಪಿ ಬಂದದ್ದಲ್ಲ ಅದು. ಆ ಎರಡು ಶಬ್ದದ ವ್ಯತ್ಯಾಸ ನಮ್ಮ ಕ್ಲಾಸಿನಲ್ಲಿ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಫಾರ್ಮಿನ ಕೆಳಗೆ ಅಮ್ಮ ಸಹಿ ಮಾಡಿದಳು.

ಹೈಸ್ಕೂಲಿನ ಮೊದಲ ವರ್ಷ ಕಷ್ಟದ್ದು. ಅಲ್ಲಿ ಒಬ್ಬರು, ಅವರ ಹೆಸರು ಬೇಡ, ಕ್ಲಾಸಿನಲ್ಲಿ ತುಳು ಮಾತಾಡಿದರೆ ನಾಲ್ಕಾಣೆ ದಂಡ ಹಾಕುತ್ತಿದ್ದರು. ನಾಲ್ಕಾಣೆ ಸಣ್ಣ ದುಡ್ಡು ಅನಿಸಬಹುದು. ನಮ್ಮ ಮನೆಯಲ್ಲಿ ದುಡ್ಡನ್ನು ಬೀಡಿಯಲ್ಲಿ ಎಣಿಸುತ್ತಿದ್ದೆವು. ಎರಡು ಸಲ ದಂಡ ಕಟ್ಟಿದೆ. ಆಮೇಲೆ ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟೆ. ಕನ್ನಡವನ್ನೂ ಬಿಟ್ಟೆ. ಭಾಷೆ ಕಲಿಸಲು ಮಕ್ಕಳ ಬಾಯಿ ಮುಚ್ಚಿಸುವುದು ಯಾವ ದಾರಿ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಈಗ ಅದೇ ದಂಡ ಬೇರೆ ಕಡೆ ಕನ್ನಡಕ್ಕೂ ಬೀಳುತ್ತದೆ. ಆ ಮಕ್ಕಳ ಬಗ್ಗೆ ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ನಾನು ಮಾತು ಬಿಟ್ಟದ್ದನ್ನು ಕಂಡುಹಿಡಿದವರು ಕನ್ನಡ ಪಂಡಿತರು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ, ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳಿ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕ್ಲಾಸಿಗೆ ಬರುವವರು. ತಾಳಮದ್ದಳೆ ಅಂದರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಅರ್ಥ ಅಂದರೆ ಅದರಲ್ಲಿ ಪಾತ್ರ ಆಡುವ ಮಾತು. ಅವರ ಮನೆಮಾತೂ ತುಳು. ಆದರೆ ಅರ್ಥಕ್ಕೆ ಕೂತರೆ ಮೂರು ತಾಸು ಒಂದು ಇಂಗ್ಲಿಷ್ ಶಬ್ದ ಇಲ್ಲದೆ ಕನ್ನಡ ಹರಿಯುತ್ತಿತ್ತು. ನಮ್ಮ ಕರಾವಳಿಯಲ್ಲಿ ಇದು ಹೊಸತಲ್ಲ, ಅಲ್ವಾ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು, ಮನೆಯಲ್ಲಿ ಕನ್ನಡವೇ ಆಡದವರು, ಯಕ್ಷಗಾನದ ವೇಷ ಹಾಕಿ ರಂಗಸ್ಥಳದಲ್ಲಿ ನಿಂತರೆ ಎಂಥ ಕನ್ನಡ ಆಡುತ್ತಾರೆ.

ಶಾಲಾ ವಾರ್ಷಿಕೋತ್ಸವಕ್ಕೆ ತಾಳಮದ್ದಳೆ ಮಾಡುವ ಅಂತ ಪಂಡಿತರು ಹೊರಟರು. ವಾಲಿಯ ಅರ್ಥ ನನಗೆ ಕೊಟ್ಟರು. ಹುಡುಗಿಗೆ ವಾಲಿಯಾ ಅಂತ ಸ್ಟಾಫ್ ರೂಮಿನಲ್ಲಿ ಮಾತಾಯಿತಂತೆ. ಅವರು ಕೇಳಿಸಿಕೊಳ್ಳಲಿಲ್ಲ. "ಬಾಣ ತಾಗಿ ಬಿದ್ದವನು ರಾಮನನ್ನು ಪ್ರಶ್ನೆ ಕೇಳುವುದು. ಮಾತು ಬಿಟ್ಟವರಿಗೇ ಅದು ಸರಿಯಾಗುವುದು" ಅಂತ ನನ್ನ ಹತ್ತಿರ ಮಾತ್ರ ಹೇಳಿದರು. ಬರೆದು ಕೊಡಲಿಲ್ಲ. ಮೊದಲು ತುಳುವಿನಲ್ಲಿ ಹೇಳು ಅಂದರು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನ ಹತ್ತಿರ ನೀನು ಎಂತ ಕೇಳುತ್ತಿ, ನಿನ್ನ ಮನೆಯಂಗಳದಲ್ಲಿ ಜಗಳ ಆದರೆ ಹೇಗೆ ಕೇಳುತ್ತೀಯೋ ಹಾಗೆ ಕೇಳು. ನಾನು ತುಳುವಿನಲ್ಲಿ ಕೇಳಿದೆ. ಒಂದು ವರ್ಷ ಒಳಗಿಟ್ಟದ್ದೆಲ್ಲ ಬಂತು. "ಈಗ ಇದನ್ನೇ ಕನ್ನಡದಲ್ಲಿ ಹೇಳು. ಸಿಟ್ಟು ಕಡಿಮೆ ಆಗ್ಬಾರ್ದು" ಅಂದರು. ಹದಿನೈದು ದಿನ ಹಾಗೇ ನಡೆಯಿತು. ಉದ್ದದ ಮಾತು ಬಂದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಬಾಣ ತಾಗಿದವನಿಗೆ ಅಷ್ಟು ಉಸಿರು ಎಲ್ಲಿ ಉಂಟು?" ಇವತ್ತೂ ವಾಕ್ಯ ಕತ್ತರಿಸುವಾಗ ನನಗೆ ಆ ಕೈ ಕಾಣುತ್ತದೆ.

ಒಂದು ಸಂಜೆ ಪಂಡಿತರು ದಪ್ಪದೊಂದು ಪುಸ್ತಕ ತಂದು ನನ್ನ ಮುಂದೆ ಇಟ್ಟರು. ತುಳು ನಿಘಂಟಿನ ಮೊದಲ ಸಂಪುಟ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆದ ಕೆಲಸ. 1988ರಿಂದ 1997ರವರೆಗೆ ಆರು ಸಂಪುಟ ಬಂದವು. ಆಗ ಕೆಲಸ ಇನ್ನೂ ನಡೆಯುತ್ತಾ ಇತ್ತು. ನಾನು ಮೊದಲು ಹುಡುಕಿದ್ದು ‘ಅಪ್ಪೆ’. ಇತ್ತು. ನಾಲ್ಕಾಣೆ ದಂಡ ಕಟ್ಟಿದ ಶಬ್ದಗಳೆಲ್ಲ ಅಷ್ಟು ದೊಡ್ಡ ಪುಸ್ತಕದಲ್ಲಿ ಅಚ್ಚಾಗಿ ಕೂತಿದ್ದವು. ನನಗೆ ಟೀಚರ ಮೂರು ಸಾಲಿನ ನೋಟ್‌ಬುಕ್ ನೆನಪಾಯಿತು.

ಆಗಲೇ ಪಂಡಿತರು ಈ ನೆಲದ ಕನ್ನಡದವರ ಪಟ್ಟಿ ಹೇಳಿದ್ದು. ಮಕ್ಕಳಿಗೆ ಕಥೆ, ಹಾಡು ಬರೆದುಕೊಟ್ಟ ಪಂಜೆ ಮಂಗೇಶರಾಯರು ಮೇಷ್ಟರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್. ಅವರ ಮನೆಮಾತು ಕೊಂಕಣಿ. 1949ರಲ್ಲಿ ರಾಷ್ಟ್ರಕವಿ ಅನಿಸಿಕೊಂಡ ಮಂಜೇಶ್ವರದ ಗೋವಿಂದ ಪೈಗಳದ್ದೂ ಕೊಂಕಣಿ. ಶಾಲೆಯಲ್ಲಿ ಪಾಠ ಮಾಡುತ್ತಾ ಪದ್ಯ ಬರೆದ ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ನಿಘಂಟಿನ ಕಿಟೆಲ್, ಇಬ್ಬರೂ ಜರ್ಮನಿಯವರು. ಇವರಾರಿಗೂ ಕನ್ನಡ ತೊಟ್ಟಿಲಲ್ಲಿ ಸಿಕ್ಕಿದ್ದಲ್ಲ. ನಡೆದು ಬಂದು ಕಲಿತವರು. ಹಾಗೆ ಕಲಿತವರು ಒಂದೊಂದು ಶಬ್ದವನ್ನೂ ತಿರುಗಿಸಿ ನೋಡಿರುತ್ತಾರೆ, ನೀನೂ ಹಾಗೆ ನೋಡು, ಅಂದರು ಪಂಡಿತರು.

ಪಂಡಿತರು ಈಗಿಲ್ಲ. ಟೀಚರ್ ಇದ್ದಾರೆ.

ಹೋದ ವರ್ಷ ಆಟಿ (ಆಷಾಢ) ಅಮಾವಾಸ್ಯೆಯ ದಿನ ಅಮ್ಮನನ್ನು ಕರೆದುಕೊಂಡು ಟೀಚರ ಮನೆಗೆ ಹೋದೆ. ಬೆಳಿಗ್ಗೆ ಮನೆಯಲ್ಲಿ ಆ ದಿನದ ವಾಡಿಕೆಯ ಹಾಳೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿದೇ ಹೊರಟದ್ದು. ಆ ಕಹಿಗೆ ಅಮ್ಮ "ಬೀಡಿ ಕೈಯ ಹಾಗೆ" ಅಂದಳು. ಕಾರು ಬೇಡ, ಬಸ್ಸಲ್ಲೇ ಹೋಗುವ ಅಂತಲೂ ಅಂದಳು. ಕಲ್ಯಾಣಪುರದಲ್ಲಿ ಸ್ವರ್ಣಾ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಬ್ರಹ್ಮಾವರದಲ್ಲಿ ಇಳಿಯುವವರ ತುಳು, ಹತ್ತುವವರ ಕನ್ನಡ. ಮಾಬುಕಳ ಸೇತುವೆಯಲ್ಲಿ ಸೀತಾನದಿ ದಾಟುವಾಗ ಕಂಡಕ್ಟರ್ ಕೂಡ ಭಾಷೆ ಬದಲಿಸಿದ್ದ. ಅದೇ ಮನುಷ್ಯ, ಅದೇ ಚೀಲ. ಟೀಚರ್ ಈ ದಾರಿಯಲ್ಲಿ ಪ್ರತಿ ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬರುತ್ತಿದ್ದರು. ಇಷ್ಟು ವರ್ಷ ಒಂದು ಸಲವೂ ನಾನು ಅದನ್ನು ಯೋಚಿಸಿರಲಿಲ್ಲ. ವಾರಕ್ಕೆ ಎರಡು ಸಲ ಅವರು ಈ ನದಿಗಳ ಜೊತೆ ಭಾಷೆಯನ್ನೂ ದಾಟುತ್ತಿದ್ದರು.

ಟೀಚರ ಕೂದಲು ಪೂರ್ತಿ ಬೆಳ್ಳಗಾಗಿದೆ. ಮೊಣಕಾಲು ನೋವು. ಆ ದಿನ ಅವರ ಕಡೆ ಕುಂದಾಪ್ರ ಕನ್ನಡದ ದಿನ ಅಂತ ಆಚರಿಸುತ್ತಾರೆ, ಕೆಲವು ವರ್ಷದಿಂದ ಶುರುವಾದದ್ದು. ಪಕ್ಕದ ಮನೆಯ ಹುಡುಗರು ಕಾರ್ಯಕ್ರಮಕ್ಕೆ ಕರೆದಿದ್ದರಂತೆ. ನಾವು ಬರುತ್ತೇವೆ ಅಂತ ಹೋಗಲಿಲ್ಲ.

ನೋಟ್‌ಬುಕ್ಕಿನ ಬಗ್ಗೆ ಕೇಳಿದೆ. ಮನೆ ರಿಪೇರಿ ಮಾಡುವಾಗ ಎಲ್ಲೋ ಹೋಯಿತು ಅಂದರು. ಆಮೇಲೆ ಅವರೇ ಕಣ್ಣು ಮುಚ್ಚಿಕೊಂಡು ಹೇಳಲು ಶುರುಮಾಡಿದರು. ಮಳೆ, ಮಳಿ, ಬರ್ಸ. ತಾಯಿ, ಅಬ್ಬಿ, ಅಪ್ಪೆ. ಒಂದು ಕಡೆ ಸಿಕ್ಕಿಕೊಂಡರು. ಅಮ್ಮ ಹೇಳಿಕೊಟ್ಟಳು.

ಇಬ್ಬರೂ ಜಗಲಿಯಲ್ಲಿ ಕೂತು ಮಾತಿಗೆ ಬಿದ್ದರು. ಟೀಚರ್ ತುಳು ಆಡುತ್ತಿದ್ದರು. ಅಮ್ಮ ಅವರಿಗೆ ಅಂತ ಕನ್ನಡ ಆಡುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರ ಬಾಯಲ್ಲಿ. ನಾನು ನಡುವೆ ಕೂತಿದ್ದೆ. ನನಗೆ ಮಾಡಲಿಕ್ಕೆ ಎಂತದ್ದೂ ಇರಲಿಲ್ಲ.

ಮಳೆ ಸ್ವಲ್ಪ ನಿಂತ ಹಾಗಾಯಿತು. ಟೀಚರ್ ಗೋಡೆ ಹಿಡಿದು ಮೆಲ್ಲ ಎದ್ದರು. ಒಳಗೆ ಹಾಲು ಕಾಯುತ್ತಿತ್ತು.

"ಬಲೆ ಅಕ್ಕ, ನಮ ಚಾ ಪರ್ಕ" ಅಂದರು.

"ಆಯ್ತು ಟೀಚರ್" ಅಂದಳು ಅಮ್ಮ. "ನಾವು ಕುಡಿಯುವ."